ಪಕ್ಕದ ಮನೆಯ ಅಜ್ಜಿಗೆ, ಈವ್‌ಗೂ ಒಂದಿಷ್ಟು

ಕಳೆದ ಮಂಗಳವಾರ ಇವರ, ಅಂದರೆ ನನ್ನ ಗಂಡನ, ಕೊನೆಯ ಚೆಕಪ್ ಮುಗಿಯಿತು. "ಇನ್ನು ನೀವು ಬರೋದು ಬೇಡ" ಎಂದರು ಡಾಕ್ಟರ್. ಹೊರಗೆ ಬಂದು ಇಬ್ಬರೂ ಕಾರಿನಲ್ಲಿ ಸುಮ್ನೆ ಕೂತೆವು. ಎಷ್ಟೋ ಹೊತ್ತು ಗಾಡಿ ಸ್ಟಾರ್ಟ್ ಮಾಡಲೇ ಇಲ್ಲ.

ಏನಾಗಿತ್ತು, ಎಷ್ಟು ಸಲ ಆಸ್ಪತ್ರೆ ಸೇರಿದ್ದು, ಎಲ್ಲ ನಿಮಗೆ ಗೊತ್ತು. ಮತ್ತೆ ಬರೆಯಲು ಮನಸ್ಸಿಲ್ಲ. ಆದರೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ. ವಾರ್ಡಿನ ನರ್ಸ್‌ಗಳಿಗೆ, ಡಬ್ಬಿಗಟ್ಟಲೆ ಚಪಾತಿ-ಪಲ್ಯ ಕಳಿಸಿದ ಎಡಿನ್‌ಬರಾ, ಗ್ಲಾಸ್ಗೋ ಕನ್ನಡದ ಮನೆಗಳಿಗೆ, ನನ್ನ ಪಾಲಿನ ಕೆಲಸ ಮಾಡಿಕೊಟ್ಟ ಆಫೀಸಿನವರಿಗೆ, ಅರಸೀಕೆರೆಯಿಂದ ದಿನಾ ಫೋನ್ ಮಾಡಿದ ಅಮ್ಮನಿಗೆ, ಎಲ್ಲರಿಗೂ ಕೈಮುಗಿದೆ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಉಳಿದ ಜಾಗ ಪಕ್ಕದ ಮನೆಯ ಅಜ್ಜಿಯದು. ಹೆಸರು ಹಾಕಬೇಡ ಎಂದಿದ್ದಾರೆ. ನಮ್ಮ ಮಗಳು ಅವರನ್ನು ಕನ್ನಡದಲ್ಲೇ ಅಜ್ಜಿ ಎನ್ನುತ್ತಾಳೆ. ಅವರು ನನ್ನನ್ನು 'ಹೆನ್' ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ಪ್ರೀತಿಯ ಮಾತು. ಇಲ್ಲಿನ ಪರ್ತ್‌ಗೆ ಬಂದ ಹೊಸದರಲ್ಲಿ, ಅಜ್ಜಿ ನನ್ನನ್ನು ಯಾಕೆ ಕೋಳಿ ಅಂತಾರೆ ಎಂದು ತಲೆ ಕೆಡಿಸಿಕೊಂಡಿದ್ದೆ.

2022ರ ಫೆಬ್ರವರಿ 19, ಶನಿವಾರ ರಾತ್ರಿ. ಆ ವಾರವೆಲ್ಲ ಬಿರುಗಾಳಿ. ಕೋವಿಡ್ ನಿಯಮ ಇನ್ನೂ ಇದ್ದುದರಿಂದ ಇವರ ಜೊತೆ ಉಳಿಯಲು ಆಸ್ಪತ್ರೆಯಲ್ಲಿ ಬಿಡಲಿಲ್ಲ. "ಏನಾದರೂ ಇದ್ದರೆ ಫೋನ್ ಮಾಡ್ತೀವಿ" ಎಂದು ಮನೆಗೆ ಕಳಿಸಿದ್ದರು. ಆ 'ಏನಾದರೂ' ಅಂದರೆ ಏನು ಎಂದು ನನಗೆ ಗೊತ್ತಿತ್ತು. ಮಗಳು ಮಲಗಿದ್ದಳು. ಹನ್ನೊಂದು ಗಂಟೆಗೆ ಅಜ್ಜಿ ಒಂದು ಕಂಬಳಿ, ಒಂದು ಬಿಸ್ಕತ್ ಡಬ್ಬಿ ಹಿಡಿದು ಬಂದರು. ಒಳಗೆ ಬರಲಾ ಎಂದು ಕೇಳಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಿಲ್ಲ. ಆ ಮಾತು ಹೇಳದೆ ಇದ್ದವರು ಅವರೊಬ್ಬರೇ.

"ರಾತ್ರಿ ಒಂದು ಗಂಟೆಗೆ ಈವ್ ಮ್ಯಾಚ್ ಇದೆ. ನಿನಗೆ ಹೇಗೂ ನಿದ್ದೆ ಬರಲ್ಲ, ನನಗೂ ಬರಲ್ಲ" ಎಂದರು.

ಯಾವ ಈವ್? ನನಗೆ ಕರ್ಲಿಂಗ್ ಅಂದರೆ ಏನೆಂದೇ ಗೊತ್ತಿರಲಿಲ್ಲ. ಅಜ್ಜಿ ಚಿಕ್ಕಂದಿನಿಂದ ಕ್ಲಬ್‌ನಲ್ಲಿ ಆಡಿದವರು. ವಿವರಿಸತೊಡಗಿದರು. ನನಗೆ ಅರ್ಥವಾದದ್ದು ಇಷ್ಟು: ಮಂಜುಗಡ್ಡೆಯ ಮೇಲೆ ಗೋಲಿಯಾಟ, ಆದರೆ ಗೋಲಿ ಹತ್ತೊಂಬತ್ತು ಕೆ.ಜಿ. ತೂಗುವ ಗ್ರಾನೈಟ್ ಕಲ್ಲು. ಕಲ್ಲು ಬಂದದ್ದು ಇಲ್ಲಿನದೇ ಸಮುದ್ರದ ಐಲ್ಸಾ ಕ್ರೇಗ್ ದ್ವೀಪದಿಂದ. ಇಬ್ಬರು ಅದರ ಮುಂದೆ ಪೊರಕೆಯಂಥದ್ದು ಹಿಡಿದು ಉಜ್ಜುತ್ತಾ ಓಡುತ್ತಾರೆ. ನಾಯಕಿಯನ್ನು ಸ್ಕಿಪ್ ಎನ್ನುತ್ತಾರೆ. ಅವಳು ಆ ಕಡೆಯಿಂದ ಗಂಟಲು ಹರಿಯುವಂತೆ ಕೂಗುತ್ತಾಳೆ.

ಆ ಸ್ಕಿಪ್ ಈವ್ ಮ್ಯೂರ್‌ಹೆಡ್. ಹುಟ್ಟಿದ್ದು ನಮ್ಮ ಪರ್ತ್‌ನಲ್ಲೇ, 1990ರಲ್ಲಿ. ಬೆಳೆದದ್ದು ಉತ್ತರಕ್ಕಿರುವ ಬ್ಲೇರ್ ಅಥೋಲ್‌ನಲ್ಲಿ, ಕುರಿ ಸಾಕುವ ಮನೆಯಲ್ಲಿ. ತಂದೆ ಗಾರ್ಡನ್ ಕೂಡ ದೊಡ್ಡ ಕರ್ಲರ್. ಹುಡುಗಿ ಬ್ಯಾಗ್‌ಪೈಪ್ ನುಡಿಸುತ್ತಿದ್ದಳು, ಗಾಲ್ಫ್ ಎಷ್ಟು ಚೆನ್ನಾಗಿ ಆಡುತ್ತಿದ್ದಳೆಂದರೆ ಅಮೆರಿಕದ ಕಾಲೇಜುಗಳು ಸ್ಕಾಲರ್‌ಶಿಪ್ ಕೊಡಲು ಬಂದಿದ್ದವು. ಹೋಗಲಿಲ್ಲ. ನಾಲ್ಕು ಸಲ ಜೂನಿಯರ್ ವಿಶ್ವ ಚಾಂಪಿಯನ್. ಹತ್ತೊಂಬತ್ತಕ್ಕೆ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡದ ಸ್ಕಿಪ್. 2013ರಲ್ಲಿ ವಿಶ್ವ ಚಾಂಪಿಯನ್, ಮರುವರ್ಷ ಸೋಚಿಯಲ್ಲಿ ಕಂಚು.

ಇದನ್ನೆಲ್ಲ ಅಜ್ಜಿ ಬಿಸ್ಕತ್ ಮುರಿಯುತ್ತಾ ಬೇಗ ಬೇಗ ಹೇಳಿದರು. ಆಮೇಲೆ ನಿಧಾನ ಮಾಡಿದರು. 2018, ಕೊರಿಯಾದ ಒಲಿಂಪಿಕ್ಸ್. ಕಂಚಿಗಾಗಿ ಜಪಾನ್ ಜೊತೆ ಮ್ಯಾಚ್. ಕೊನೆಯ ಕಲ್ಲು ಈವ್ ಕೈಯಲ್ಲಿತ್ತು. ಗೆಲ್ಲಬಹುದಿತ್ತು. ಕಲ್ಲು ಅಂದುಕೊಂಡಂತೆ ಹೋಗಲಿಲ್ಲ. 5-3ಕ್ಕೆ ಸೋಲು. ಆಮೇಲೆ ಸೊಂಟದ ಕೀಲಿನ ಆಪರೇಷನ್. 2021ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಂಟನೇ ಸ್ಥಾನ, ಬೀಜಿಂಗ್ ಒಲಿಂಪಿಕ್ಸ್‌ಗೆ ನೇರ ಟಿಕೆಟ್ ಸಿಗಲಿಲ್ಲ. ಒಂಬತ್ತು ಹುಡುಗಿಯರನ್ನು ಸೇರಿಸಿ ಅವರೊಳಗಿಂದ ಹೊಸದಾಗಿ ತಂಡ ಕಟ್ಟಿದರು. ಅವರಲ್ಲಿ ವಿಕಿ ರೈಟ್ ನರ್ಸ್. ಕೋವಿಡ್ ಬಂದಾಗ ವಾರ್ಡಿಗೆ ವಾಪಸ್ ಹೋಗಿ ಕೆಲಸ ಮಾಡಿದವರು. ಆ ಹೆಸರು ಕೇಳಿದಾಗ ಮಾತ್ರ ನಾನು ಫೋನಿನಿಂದ ಕಣ್ಣೆತ್ತಿ ಟಿವಿ ನೋಡಿದೆ.

ಬೀಜಿಂಗ್‌ನಲ್ಲೂ ಸಲೀಸಾಗಿ ಏನೂ ಆಗಿರಲಿಲ್ಲ. ಐದು ಗೆಲುವು, ನಾಲ್ಕು ಸೋಲು. ಬೇರೆಯವರ ಫಲಿತಾಂಶ ಕೂಡಿಬಂದದ್ದಕ್ಕೆ ಸೆಮಿಫೈನಲ್. ಅಲ್ಲಿ ಸ್ವೀಡನ್ ಮೊದಲ ಎಂಡ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ, 4 ಪಾಯಿಂಟ್ ಹೊಡೆಯಿತು. ಹೆಚ್ಚುವರಿ ಎಂಡ್‌ವರೆಗೆ ಎಳೆದು 12-11ಕ್ಕೆ ಗೆದ್ದಿದ್ದರು. ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಮತ್ತೆ ಜಪಾನ್, ಅದೇ ಸ್ಕಿಪ್ ಸತ್ಸುಕಿ ಫುಜಿಸಾವಾ.

ಏಳನೇ ಎಂಡ್‌ನಲ್ಲಿ ಈವ್ ಒಟ್ಟಿಗೆ 4 ಪಾಯಿಂಟ್ ತೆಗೆದಾಗ ಅಜ್ಜಿ ಬಾಯಿಗೆ ಕಂಬಳಿ ಒತ್ತಿಕೊಂಡು ಕಿರುಚಿದರು, ಮಗು ಏಳಬಾರದೆಂದು. 10-3ಕ್ಕೆ ಮುಗಿಯಿತು. ಆ ಕೂಟದಲ್ಲಿ ಬ್ರಿಟನ್ನಿಗೆ ಸಿಕ್ಕಿದ ಒಂದೇ ಚಿನ್ನ ಅದು.

ನನಗೆ ಸಿಟ್ಟು ಬಂತು. ನಿಜ ಹೇಳುತ್ತಿದ್ದೇನೆ. ಅವರೆಲ್ಲ ತಬ್ಬಿಕೊಂಡು ಅಳುತ್ತಿದ್ದರು, ನನ್ನ ಫೋನ್ ಮಾತ್ರ ಮೇಜಿನ ಮೇಲೆ ಕಪ್ಪಗೆ ಬಿದ್ದಿತ್ತು. "ಇದನ್ನೆಲ್ಲ ನನಗೆ ಯಾಕೆ ತೋರಿಸಿದ್ರಿ? ಅವರು ಸಾಯ್ತಾ ಇದ್ದಾರೆ" ಎಂದು ಕೂಗಿಬಿಟ್ಟೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು, ಅದೇ ಕೊನೆ. ಅಜ್ಜಿ ಟಿವಿ ಆಫ್ ಮಾಡಿದರು. ನನ್ನ ತಲೆ ತೊಡೆಯ ಮೇಲೆ ಹಾಕಿಕೊಂಡರು. ಅವರ ಸ್ವೆಟರ್‌ನಲ್ಲಿ ಬೆಣ್ಣೆ ಬಿಸ್ಕತ್ತಿನ ವಾಸನೆ ಇತ್ತು. ಬೆಳಕು ಹರಿಯುವವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಫೋನ್ ಬರಲಿಲ್ಲ. ಎಂಟು ಗಂಟೆಗೆ ನಾವೇ ಮಾಡಿದೆವು. "ರಾತ್ರಿ ದಾಟಿದರು" ಎಂದಳು ನರ್ಸ್.

ಆಮೇಲೆ ಇನ್ನೂ ಎಷ್ಟೋ ಕೆಟ್ಟ ದಿನ ಬಂದವು, ಅಂಥ ರಾತ್ರಿ ಮತ್ತೆ ಬರಲಿಲ್ಲ. ಈವ್ ಅದೇ ವರ್ಷ ಆಗಸ್ಟ್‌ನಲ್ಲಿ ಆಟ ಬಿಟ್ಟರು. ಆಮೇಲೆ 2026ರ ಮಿಲಾನೊ ಕೊರ್ಟಿನಾ ಒಲಿಂಪಿಕ್ಸ್‌ಗೆ ಬ್ರಿಟನ್ ತಂಡದ ಮುಖ್ಯಸ್ಥೆಯಾದರು. ಅವರಿಗೆ ನಾವ್ಯಾರೋ ಗೊತ್ತಿಲ್ಲ. ಆದರೂ ಅವರ ಹೆಸರು ಇಲ್ಲಿ ಇರಬೇಕು ಅನ್ನಿಸಿತು. ಕಂಬಳಿ ನಮ್ಮ ಮನೆಯಲ್ಲೇ ಇದೆ, ಅಜ್ಜಿ ವಾಪಸ್ ತಗೊಳ್ಳಲ್ಲ.

ಶನಿವಾರ ಅಜ್ಜಿ ನಮ್ಮ ಮೂವರನ್ನೂ ರಿಂಕ್‌ಗೆ ಕರೆದುಕೊಂಡು ಹೋಗುತ್ತಾರಂತೆ. ಇವರಿಗೆ ಕಲ್ಲು ತಳ್ಳುವುದು ಸದ್ಯ ಬೇಡ, ಮೆಲ್ಲಗೆ ಪೊರಕೆ ಆಡಿಸಿದರೆ ಸಾಕು ಎಂದಿದ್ದಾರೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಮನೇಲಿ ಒಂದು ದಿನ ಪೊರಕೆ ಮುಟ್ಟದ ಅಳಿಯಂದಿರ ಕೈಗಾ?"