ಮಗಳಿಗೊಂದು ಪತ್ರ: ವಿಮಾನ ಇಳಿಯುವಾಗ ಪುಟ್ಟಿ ಎಚ್ಚರವಾಗಿರಲಿ

ಸೋಮವಾರಪೇಟೆ

ಚಿ. ಸೌ. ಮಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ.

ಮೊನ್ನೆ ನೀನು ಫೋನಿನಲ್ಲಿ ಸಿಂಗಪುರದ ವಿಚಾರ ತೆಗೆದಾಗ, ಎರಡು ವರ್ಷದ ಕೂಸಿಗೆ ಏನು ನೆನಪಿರುತ್ತದೆ, ಆನೆ ತೋರಿಸಬೇಕಾದರೆ ದುಬಾರೆಗೆ ಕರೆದುಕೊಂಡು ಹೋಗಿ ಎಂದು ನಿನ್ನ ಬಾಯಿ ಮುಚ್ಚಿಸಿಬಿಟ್ಟೆ. ರಾತ್ರಿ ಯೋಚಿಸಿದಾಗ ಅದು ಸರಿಯಾದ ಮಾತಲ್ಲವೆನಿಸಿತು. ಕಾಫಿ ಕೊಯ್ಲಿನ ಮೂರು ತಿಂಗಳು ನೀವಿಬ್ಬರೂ ಬಿಡುವಿಲ್ಲದೆ ದುಡಿದಿದ್ದೀರಿ; ರಜೆ ಬೇಕಾಗಿರುವುದು ನಿಮಗೆ, ಪುಟ್ಟಿ ನಿಮ್ಮ ಜೊತೆಗೆ ಬರುತ್ತಾಳೆ, ಅಷ್ಟೇ. ಧಾರಾಳವಾಗಿ ಹೋಗಿ ಬನ್ನಿ. ಆದರೆ ನಿನ್ನನ್ನು ಎತ್ತಿಕೊಂಡು ನಾನು ಮಾಡಿದ ಒಂದೇ ಒಂದು ವಿಮಾನ ಪ್ರಯಾಣದಲ್ಲಿ ಏನಾಯಿತೆಂಬುದನ್ನು ನಾನು ಇದುವರೆಗೆ ನಿನಗೆ ಪೂರ್ತಿಯಾಗಿ ಹೇಳಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ನಿಲ್ಲುತ್ತದೆಂದು ಬರೆಯುತ್ತಿದ್ದೇನೆ.

ಅದು 1994. ನಿನಗೆ ಹದಿನೆಂಟು ತಿಂಗಳು. ನಿನ್ನ ದೊಡ್ಡ ಮಾವ ಆಗ ಮಸ್ಕತ್‌ನಲ್ಲಿದ್ದರು. ಹದಿನೈದು ದಿನ ಇದ್ದು ಹೋಗಿ ಎಂದು ಟಿಕೆಟ್ಟಿಗೆ ಅರ್ಧ ಹಣವನ್ನೂ ಕಳಿಸಿದ್ದರು. ಆಗೆಲ್ಲ ಮಗುವಿಗೆ ಬೇರೆ ಪಾಸ್‌ಪೋರ್ಟ್ ಇಲ್ಲದಿದ್ದರೂ ನಡೆಯುತ್ತಿತ್ತು. ನಿನ್ನ ಹೆಸರನ್ನು ನನ್ನ ಪಾಸ್‌ಪೋರ್ಟಿನಲ್ಲೇ ಬರೆದಿದ್ದರು. ಮುಂಬಯಿಗೆ ಬಸ್ಸಿನಲ್ಲಿ ಹೋಗುವಾಗಲೇ ನಿನಗೆ ಶೀತವಾಗಿ ಮೂಗು ಕಟ್ಟಿತ್ತು. ಒಂದು ದಿನ ತಡೆದು ಡಾಕ್ಟರಿಗೆ ತೋರಿಸೋಣವೆಂದು ನಿನ್ನ ಅಪ್ಪ ಹೇಳಿದರು. ಟಿಕೆಟ್ಟಿನ ದುಡ್ಡು ಹೋಗುತ್ತದೆಂದು ನಾನೇ ಹಟ ಹಿಡಿದೆ. ವಿಮಾನ ಹತ್ತಿದ ಮೇಲೆ ನೀನು ನಿದ್ದೆ ಹೋದೆ, ನಾನು ಪುಣ್ಯವೆಂದುಕೊಂಡೆ. ಇಳಿಯತೊಡಗಿದಾಗಲೂ ಎಬ್ಬಿಸಲಿಲ್ಲ. ಹತ್ತು ನಿಮಿಷದಲ್ಲಿ ನೀನು ಎದ್ದು ಕಿವಿ ಹಿಡಿದು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಪಕ್ಕದಲ್ಲಿದ್ದ ಕಣ್ಣೂರಿನ ನರ್ಸ್ ಒಬ್ಬರು, ಇಳಿಯುವಾಗ ಮಗುವನ್ನು ಎಬ್ಬಿಸಿ ಏನಾದರೂ ಕುಡಿಸಬೇಕಿತ್ತೆಂದು ಮೆಲ್ಲಗೆ ಹೇಳಿದರು. ಮಾರನೆಯ ದಿನ ಕಿವಿ ಸೋರಿತು. ಹದಿನೈದು ದಿನದಲ್ಲಿ ನಾನು ಅಲ್ಲಿಯ ಸಮುದ್ರವನ್ನು ನೋಡಿದ್ದು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಕಾರಿನ ಕಿಟಕಿಯಿಂದ.

ಇದೇಕೆ ಹೀಗಾಗುತ್ತದೆಂಬುದು ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗಬೇಕು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿಯಲ್ಲಿ ಇರಿಟ್ಟಿಗೆ ಇಳಿಯುವಾಗ ಕಿವಿ ಕಟ್ಟಿ, ಉಗುಳು ನುಂಗಿದರೆ ಟಪ್ಪೆಂದು ಬಿಡುತ್ತದಲ್ಲ, ಇದೂ ಅದೇ. ವಿಮಾನದೊಳಗಿನ ಗಾಳಿಯ ಒತ್ತಡವನ್ನು ನೆಲದ ಮಟ್ಟದಲ್ಲಿ ಇಡುವುದಿಲ್ಲ. ಅದು ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ನಮ್ಮ ತಡಿಯಂಡಮೋಳ್ ಶಿಖರವೇ 1,748 ಮೀಟರ್. ಅದಕ್ಕಿಂತಲೂ ಎತ್ತರದಿಂದ ಕಡಲ ಮಟ್ಟಕ್ಕೆ ಅರ್ಧ ಗಂಟೆಯೊಳಗೆ ಇಳಿದರೆ ಹೇಗಿರುತ್ತದೆಂದು ಯೋಚಿಸು. ಕಿವಿಯ ಒಳಭಾಗವನ್ನು ಮೂಗಿನ ಹಿಂಬದಿಗೆ ಸೇರಿಸುವ ಸಣ್ಣ ನಾಳ ನುಂಗಿದಾಗ, ಆಕಳಿಸಿದಾಗ ತೆರೆದುಕೊಂಡು ಒತ್ತಡವನ್ನು ಸಮ ಮಾಡುತ್ತದೆ. ಮಕ್ಕಳಲ್ಲಿ ಆ ನಾಳ ಕಿರಿದು, ಶೀತವಾದರೆ ಊದಿ ಮುಚ್ಚಿಯೇ ಹೋಗುತ್ತದೆ; ನಿದ್ದೆಯಲ್ಲಿ ನುಂಗುವುದೂ ಕಡಿಮೆ. ಹತ್ತುವಾಗಿನದಕ್ಕಿಂತ ಇಳಿಯುವಾಗಿನ ನೋವೇ ಹೆಚ್ಚು. ಆದ್ದರಿಂದ ಇಳಿಯಲು ಶುರುವಾಗುತ್ತದೆಂದು ಗೊತ್ತಾದ ಕೂಡಲೇ ಪುಟ್ಟಿಯನ್ನು ಎಬ್ಬಿಸಿ, ಹಾಲೋ ನೀರೋ ಗುಟುಕು ಗುಟುಕಾಗಿ ಕುಡಿಸುತ್ತಿರು. ನೆಟ್ಟಗೆ ಕೂರಿಸಿಯೇ ಕುಡಿಸು. ಹೊರಡುವ ಹೊತ್ತಿಗೆ ಮೂಗು ಕಟ್ಟಿದ್ದರೆ ಡಾಕ್ಟರಿಗೆ ತೋರಿಸದೆ ಹತ್ತಬೇಡ. ತಡೆಯಿರಿ ಎಂದು ಅವರು ಹೇಳಿದರೆ ದುಡ್ಡಿನ ಮುಖ ನೋಡಬೇಡಿ. ದುಡ್ಡು ಸಾಲದಿದ್ದರೆ ನನ್ನನ್ನು ಕೇಳು.

ಇನ್ನು ಟಿಕೆಟ್ಟಿನ ವಿಚಾರ. ಎರಡು ವರ್ಷದೊಳಗಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದು, ದೊಡ್ಡವರ ದರದ ಹತ್ತನೆಯ ಒಂದು ಪಾಲಿನಷ್ಟು ಕೊಟ್ಟರೆ ಸಾಕು ಎಂದು ಅಳಿಯಂದಿರು ಹೇಳಿದರಂತೆ, ಅದು ನಿಜ. ಆದರೆ ನೀವು ಏಪ್ರಿಲ್ 27ಕ್ಕೆ ಹೋಗಿ ಮೇ 5ಕ್ಕೆ ಬರುವವರು, ಪುಟ್ಟಿಗೆ ಎರಡು ತುಂಬುವುದು ಮೇ 2ಕ್ಕೆ. ಬರುವಾಗ ಅವಳಿಗೆ ಪ್ರತ್ಯೇಕ ಸೀಟು ಕಡ್ಡಾಯವಾಗುತ್ತದೆ. ಈಗಲೇ ನೋಡಿಕೊಳ್ಳದಿದ್ದರೆ ಅಲ್ಲಿಯ ಕೌಂಟರಿನಲ್ಲಿ ಪರದಾಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಹೋಗುವಾಗಲೂ ಸೀಟು ತೆಗೆದುಕೊಳ್ಳಿ ಎನ್ನುತ್ತೇನೆ. ಮುಂದಿನ ಸಾಲಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಹತ್ತು ಹನ್ನೊಂದು ಕಿಲೋ ಕೂಸಿಗೆ ಹೇಳಿ ಮಾಡಿಸಿದ್ದು, ನಮ್ಮ ಪುಟ್ಟಿ ಅದರಲ್ಲಿ ಹಿಡಿಸುವ ಕಾಲ ಮುಗಿದಿದೆ.

ರಾತ್ರಿ ಹನ್ನೊಂದರ ವಿಮಾನವಾದರೆ ಮಗು ಮಲಗಿಬಿಡುತ್ತದೆಂಬ ನಿಮ್ಮ ಲೆಕ್ಕ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಸುಮಾರು ನಾಲ್ಕೂವರೆ ಗಂಟೆಯ ಹಾದಿಯಲ್ಲಿ ಊಟದ ಗಲಾಟೆ ಕಳೆದು ದೀಪ ಆರಿಸುವಷ್ಟರಲ್ಲಿ ಉಳಿಯುವುದು ಎರಡು ಗಂಟೆಯ ನಿದ್ದೆ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಗಿನ ಆರಾದಾಗ ಪುಟ್ಟಿಯ ಮೈಗೆ ಇನ್ನೂ ಮೂರೂವರೆ. ಹೋಟೆಲಿನವರು ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡೋ ಮೂರೋ ಗಂಟೆಯ ಮೇಲೆ. ಅಲ್ಲಿಯವರೆಗೆ ನಿದ್ದೆಗೆಟ್ಟ ಮಗುವನ್ನು ಹೆಗಲಿಗೆ ಹಾಕಿಕೊಂಡು ಎಲ್ಲಿ ಕೂರುತ್ತೀರಿ? ಹಗಲಿನ ವಿಮಾನ ಸಿಕ್ಕರೆ ಅದೇ ಒಳ್ಳೆಯದು, ಇಲ್ಲವಾದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿಯಿರಿ. ವಿರಾಜಪೇಟೆಯಿಂದ ಗೋಣಿಕೊಪ್ಪ, ಹುಣಸೂರಿನ ಮೇಲೆ ಬೆಂಗಳೂರಿಗೆ ಹೋಗಿ, ಊರು ದಾಟಿ ದೇವನಹಳ್ಳಿ ಮುಟ್ಟುವುದೇ ಒಂದು ದಿನದ ಕೆಲಸ. ಮೈಸೂರಿನಲ್ಲಿ ಅತ್ತೆಯ ಮನೆಯಲ್ಲಿ ಒಂದು ರಾತ್ರಿ ಉಳಿದೇ ಹೋಗಿ.

ನಿದ್ದೆ ಬರಲೆಂದು ಶೀತದ ಸಿರಪ್ ಕೊಡುವವರಿದ್ದಾರೆ. ನೀನು ಆ ಕೆಲಸ ಮಾಡಬೇಡ. ಕೆಲವು ಮಕ್ಕಳು ಅದನ್ನು ಕುಡಿದು ಮಲಗುವ ಬದಲು ಇನ್ನಷ್ಟು ಕುಣಿಯುತ್ತಾರೆ, ಅದೂ ಅಲ್ಲದೆ ಆ ವಯಸ್ಸಿಗೆ ಆ ಔಷಧಿ ಕ್ಷೇಮವಲ್ಲ. ಜ್ವರದ ಪ್ಯಾರಾಸಿಟಮಾಲ್ ಸಿರಪ್ಪನ್ನು ಮಾತ್ರ ಅವಳ ತೂಕಕ್ಕೆ ಎಷ್ಟೆಂದು ಡಾಕ್ಟರ ಹತ್ತಿರ ಬರೆಸಿಕೊಂಡು, ಓಆರ್‌ಎಸ್ ಪೊಟ್ಟಣಗಳ ಜೊತೆಗೆ ಕೈಚೀಲದಲ್ಲೇ ಇಟ್ಟುಕೊ. ಕೈಚೀಲದಲ್ಲಿ ಒಯ್ಯುವ ದ್ರವಗಳಿಗಿರುವ ನೂರು ಮಿಲಿಲೀಟರಿನ ಮಿತಿ ಮಗುವಿನ ಹಾಲಿಗೆ, ಆಹಾರಕ್ಕೆ ಅನ್ವಯಿಸುವುದಿಲ್ಲ. ಪ್ರಯಾಣಕ್ಕೆ ಬೇಕಾಗುವಷ್ಟನ್ನು ತಪಾಸಣೆಯವರಿಗೆ ತೋರಿಸಿ ಒಯ್ಯಬಹುದು. ವಿಮಾನದೊಳಗಿನ ಗಾಳಿ ಬಹಳ ಒಣ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ನಮ್ಮೂರಿನ ಮಗುವಿಗೆ ಅದು ಬೇಗ ಗೊತ್ತಾಗುತ್ತದೆ, ಆಗಾಗ ನೀರು ಕೊಡುತ್ತಿರು.

ನಿನ್ನ ಪಾಸ್‌ಪೋರ್ಟಿನಲ್ಲಿ ಇನ್ನೂ ನಮ್ಮ ಮನೆಯ ಹೆಸರಿದೆ, ಪುಟ್ಟಿಯದರಲ್ಲಿ ಅವಳ ಅಪ್ಪನ ಮನೆಯ ಹೆಸರಿದೆ. ಯಾರಾದರೂ ಕೇಳಿದರೆ ತೋರಿಸಲು ಅವಳ ಜನನ ಪ್ರಮಾಣಪತ್ರದ ಪ್ರತಿ ನಿನ್ನ ಹತ್ತಿರವಿರಲಿ. ವೀಸಾ ಅವಳಿಗೂ ಬೇರೆಯೇ ಬೇಕು. ಹಾಗೆಯೇ ತಲುಪುವ ದಿನವೂ ಸೇರಿ ಅದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕಾದ ಆಗಮನದ ಅರ್ಜಿಯೂ ಅವಳ ಹೆಸರಿನಲ್ಲಿ ಬೇರೆ. ಸರ್ಕಾರದ ಆ ಅರ್ಜಿಗೆ ಶುಲ್ಕವಿಲ್ಲ, ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಮಸಾಲೆ ಪುಡಿಯನ್ನು ಒಯ್ಯುವುದಾದರೆ ಅದರಲ್ಲಿ ಗಸಗಸೆ ಇಲ್ಲವೆಂದು ಖಚಿತ ಮಾಡಿಕೊ. ನಮಗೆ ಪಾಯಸದ ಸಾಮಾನು, ಸಿಂಗಪುರದಲ್ಲಿ ಅದು ಮಾದಕವಸ್ತುವಿನ ಸಾಲಿಗೆ ಸೇರುತ್ತದೆ. ಟ್ಯಾಕ್ಸಿಗೂ ಫೋನಿನಲ್ಲಿ ಕರೆಸುವ ಖಾಸಗಿ ಕಾರಿಗೂ ಅಲ್ಲಿ ವ್ಯತ್ಯಾಸವಿದೆ: ಖಾಸಗಿ ಕಾರಿನಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಇರಲೇಬೇಕು, ಟ್ಯಾಕ್ಸಿಗೆ ಮಾತ್ರ ಆ ನಿಯಮದಿಂದ ವಿನಾಯಿತಿ. ವಿನಾಯಿತಿ ಇದೆಯೆಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ; ಆದಷ್ಟೂ ರೈಲಿನಲ್ಲೇ ಓಡಾಡಿ.

ದಿನಕ್ಕೆ ಆರು ಜಾಗ ಬರೆದಿರುವ ನಿಮ್ಮ ಪಟ್ಟಿ ನೋಡಿ ನನಗೆ ಗಾಬರಿಯಾಯಿತು. ಸಮಭಾಜಕದ ಹತ್ತಿರದ ಊರು, ನಡುಹಗಲಿನ ಸೆಕೆ ಸೋಮವಾರಪೇಟೆಯವರು ತಾಳುವಂಥದ್ದಲ್ಲ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಪುಟ್ಟಿಯ ನಿದ್ದೆ, ಸಂಜೆ ಸುಮ್ಮನೆ ನಡೆದಾಟ ಸಾಕು. 2023ರಲ್ಲಿ ಅಲ್ಲಿಯ ಮಂಡಾಯ್‌ನಲ್ಲಿ ತೆರೆದ ಹೊಸ ಪಕ್ಷಿಧಾಮಕ್ಕೆ ಖಂಡಿತ ಹೋಗಿ. ಹಕ್ಕಿ ಕಂಡರೆ ಅವಳು ಊಟ ಮರೆಯುತ್ತಾಳೆ. ಅಲ್ಲಿ ಅವಳು ಒಂದೇ ಪಾರಿವಾಳದ ಮುಂದೆ ಒಂದು ಗಂಟೆ ಕುಳಿತರೂ ಕೈ ಹಿಡಿದು ಎಳೆಯಬೇಡಿ.

ರಾಗಿ ಹುರಿಹಿಟ್ಟು ಮಾಡಿ, ಬೆಲ್ಲ ಬೆರೆಸದೆ ಎರಡು ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ. ಸೋಮವಾರ ನಿನ್ನ ಅಪ್ಪ ಮಡಿಕೇರಿಗೆ ಬರುತ್ತಾರೆ. ಅಳಿಯಂದಿರು ಅಲ್ಲಿಗೆ ಬಂದರೆ ಕೊಟ್ಟು ಕಳಿಸುತ್ತಾರೆ. ಸಣ್ಣ ಡಬ್ಬಿ ವಿಮಾನಕ್ಕೆ, ದೊಡ್ಡದು ಪೆಟ್ಟಿಗೆಗೆ.

ಇಂತಿ,
ನಿನ್ನ ಅಮ್ಮ