ಕಾರ್ಡು ಬಂತು, ಋಣ ನೆನೆಯಬೇಕು

ಕೋಲಾರದ ಟೊಮೆಟೊ ಮಂಡಿಯಲ್ಲಿ 15 ಕೆ.ಜಿ. ಕ್ರೇಟು ಹೊರುವ ಹಮಾಲರ ಮನೆಯ ಹುಡುಗ ಕ್ವಾಲಿಫೈಯಿಂಗ್ ಸ್ಕೂಲ್ ಎಂಬ ಆಯ್ಕೆ ಪಂದ್ಯಗಳನ್ನು ದಾಟಿ, ದೇಶದ ವೃತ್ತಿಪರ ಗಾಲ್ಫ್ ಟೂರ್ ಆದ ಪಿಜಿಟಿಐನಲ್ಲಿ ಆಡುವ ಕಾರ್ಡು ಪಡೆದಿದ್ದಾನೆ. ಇನ್ನು ಅವನು ವೃತ್ತಿಪರ ಗಾಲ್ಫರ್. ಅಭಿನಂದನೆಗಳು ಅವನಿಗೆ ಸಲ್ಲುತ್ತಿವೆ, ಸಲ್ಲಲಿ. ಆಟಗಾರರ ಚೀಲ ಹೊರುವ ಕ್ಯಾಡಿಗಳಾದ ನಮ್ಮೆಲ್ಲರ ಈ ಬರಹ ಮಾತ್ರ ಅವನ ಹಿಂದೆ ನಿಂತವರಿಗೆ.

ಮೊದಲ ನಮಸ್ಕಾರ ಕ್ಲಬ್ಬು (ಚೆಂಡು ಹೊಡೆಯುವ ಕೋಲು) ರಿಪೇರಿ ಮಾಡುವ ಅಣ್ಣನಿಗೆ. ದೊಡ್ಡವರ ಐರನ್ನನ್ನು (ಲೋಹದ ತಲೆಯ ಕ್ಲಬ್ಬು) ಗರಗಸದಲ್ಲಿ ಕುಯ್ದು ಮಕ್ಕಳ ಕೈಗೆ ಕೊಡುವುದು ಎಲ್ಲೆಡೆ ನಡೆಯುತ್ತದೆ. ಕುಯ್ದಷ್ಟೂ ಶಾಫ್ಟು, ಅಂದರೆ ಕ್ಲಬ್ಬಿನ ದಂಡ, ಗಡುಸಾಗುತ್ತದೆ, ಕ್ಲಬ್ಬಿನ ಮೂತಿ ನೆಲ ಕಚ್ಚಿ ಚೆಂಡು ಬಲಕ್ಕೆ ಓಡುತ್ತದೆ. ಅದನ್ನು ತಡೆಯಲು ಹುಡುಗ ಮಣಿಕಟ್ಟು ತಿರುಚುತ್ತಾನೆ. ಆ ಚಾಳಿ ಬಿಡಿಸಲು ವರ್ಷಗಳೇ ಹಿಡಿಯುತ್ತವೆ. ಅಣ್ಣ ಹಗುರ ಗ್ರಾಫೈಟ್ ಶಾಫ್ಟಿನ ಹೆಂಗಸರ ಸೆಟ್ಟು ಹುಡುಕಿದರು. ಹಿಡಿಯ ಕಡೆಯಿಂದ ಒಂದೇ ಇಂಚು ತೆಗೆದು, ಅದಕ್ಕೆ ಸರಿಯಾಗಿ ಶಾಫ್ಟು ನೆಲಕ್ಕೆ ವಾಲುವ ಲೈ ಕೋನವನ್ನು 2 ಡಿಗ್ರಿ ನೆಟ್ಟಗೆ ಮಾಡಿಕೊಟ್ಟರು. ಹಿಡಿಯ ಹೊದಿಕೆಯಾದ ಗ್ರಿಪ್ಪು ಹಾಕುವುದನ್ನೂ ಕಲಿಸಿದರು: ಹಳೆ ಟೇಪು ಪೂರ್ತಿ ಕೆರೆದು, ಎರಡೂ ಬದಿ ಅಂಟುವ ಟೇಪು ಸುತ್ತಿ, ಅದರ ಮೇಲೂ ಗ್ರಿಪ್ಪಿನ ಒಳಗೂ ಟರ್ಪೆಂಟೈನ್ ಸುರಿದು, ನಿಲ್ಲಿಸದೆ ಒಂದೇ ಸಲ ತಳ್ಳಬೇಕು. ಅರ್ಧಕ್ಕೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ನೋಡಿಕೊಳ್ಳುವ ಮಾಲಿಗಳಿಗೆ. ಹುಲ್ಲು ಕತ್ತರಿಸುವ ಮಷೀನು ಇಳಿಸುವ ಮುಂಚೆ, ಇಬ್ಬನಿ ಇರುವಾಗಲೇ ಅವನನ್ನು ಪಟ್ ಮಾಡಲು, ಅಂದರೆ ಚೆಂಡನ್ನು ಕುಳಿಗೆ ಉರುಳಿಸಲು, ಬಿಟ್ಟಿರಿ. ಇಬ್ಬನಿಯಲ್ಲಿ ಚೆಂಡು ನಿಧಾನ, ಆದರೆ ಉರುಳಿದ ಗೆರೆ ಹಾಗೇ ಉಳಿಯುತ್ತದೆ. ಎಲ್ಲಿ ವಾಲಿತು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳಿಕೊಡುವ ಮೇಷ್ಟ್ರಿಲ್ಲ.

ಎರಡನೇ ವೆಜ್ (ಹತ್ತಿರದಿಂದ ಚೆಂಡು ಎತ್ತಿ ಹೊಡೆಯುವ ಕ್ಲಬ್ಬು) ಕೊಟ್ಟ ಬೆಂಗಳೂರಿನ ಹಿರಿಯರಿಗೆ. ನಮ್ಮ ಕಡೆಯ ಒಣ ಕೆಂಪು ನೆಲದಲ್ಲಿ ಬೌನ್ಸ್, ಅಂದರೆ ತಳದ ಉಬ್ಬಿನ ಕೋನ, ಹೆಚ್ಚಿರುವ ವೆಜ್ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ, ಹಾಗಾಗಿ ಹುಡುಗ 6 ಡಿಗ್ರಿಯದರಲ್ಲೇ ಬೆಳೆದ. ಮಳೆ ಬಿದ್ದ ಮೆತ್ತನೆ ಹುಲ್ಲಿನಲ್ಲಿ ಅದೇ ವೆಜ್ ಮಣ್ಣಿಗೆ ಹೂತುಹೋಗುತ್ತಿತ್ತು. ನೀವು ಕೊಟ್ಟ 12 ಡಿಗ್ರಿಯದು ಬಂದ ಮೇಲೆ ಆ ಕಾಟ ತಪ್ಪಿತು.

ಕೋಲ್ಕತ್ತದ ಕ್ಯಾಡಿ ಅಣ್ಣಂದಿರಿಗೆ ವಿಶೇಷ ವಂದನೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 150 ಗಜ ಹಾರುವ ಚೆಂಡು ನಿಮ್ಮ ತಗ್ಗಿನ ಊರಿನ ದಟ್ಟ ಗಾಳಿಯಲ್ಲಿ ಸುಮಾರು 5 ಗಜ ಮೊದಲೇ ಬೀಳುತ್ತದೆ. ಗ್ರೀನಿನ ಮುಂದೆ ಬಂಕರ್ (ಮರಳುಗುಂಡಿ) ಇದ್ದರೆ ಆ 5 ಗಜವೇ ಒಂದು ಶಾಟ್. ಕೇಳುವ ಮೊದಲೇ ಹೇಳಿಕೊಟ್ಟಿರಿ.

ಬೆಂಗಳೂರು–ಮಾರಿಕುಪ್ಪಂ ರೈಲಿನ ದಿನದ ಪ್ರಯಾಣಿಕರೇ, ಆ ಜನಜಂಗುಳಿಯಲ್ಲಿ 14 ಕ್ಲಬ್ಬಿನ ಚೀಲಕ್ಕೆ ಜಾಗ ಬಿಟ್ಟಿದ್ದೀರಿ. ಮರೆಯುವುದಿಲ್ಲ.

ಇನ್ನು ಸಾಲ ಕೊಟ್ಟವರಿಗೆ, ಬಡ್ಡಿ ಕೇಳದವರಿಗೆ. ಪಂದ್ಯದಲ್ಲಿ 36 ಹೋಲ್, ಅಂದರೆ ಎರಡು ಸುತ್ತು, ಮುಗಿದಾಗ ಮೊದಲ 50 ಸ್ಥಾನ ಹಾಗೂ ಸಮಾಂಕದವರಷ್ಟೇ ಮುಂದೆ ಆಡುತ್ತಾರೆ, ಉಳಿದವರಿಗೆ ದುಡ್ಡಿಲ್ಲ. ಎಂಟ್ರಿ ಫೀಸು, ರೂಮು, ಕ್ಯಾಡಿ ಕೂಲಿ ಎಲ್ಲ ಕೈಯಿಂದಲೇ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನಲ್ಲಿ ಗ್ರೀನ್ ನೋಡಿಕೊಳ್ಳುತ್ತಿದ್ದವರ ಮಗ ಎಸ್.ಎಸ್.ಪಿ. ಚೌರಾಸಿಯಾ ವೃತ್ತಿಗಿಳಿದದ್ದು 1997ರಲ್ಲಿ, ಯುರೋಪಿಯನ್ ಟೂರ್‌ನಲ್ಲಿ ಮೊದಲು ಗೆದ್ದದ್ದು 2008ರಲ್ಲಿ. ಇಂಡಿಯನ್ ಓಪನ್ ಗೆದ್ದದ್ದು 2016 ಮತ್ತು 2017ರಲ್ಲಿ. ನಮ್ಮ ಹುಡುಗನಿಗೂ ಕಾಯುವ ವರ್ಷಗಳಿವೆ, ಆ ತಾಳ್ಮೆ ನಿಮ್ಮಲ್ಲಿದೆ ಎಂಬುದೇ ನಮ್ಮ ಧೈರ್ಯ.

ಅವನ ಹಿಂದೆ ಇನ್ನೂ ಚಿಕ್ಕ ಮಕ್ಕಳು ಕಲಿಯುತ್ತಿದ್ದಾರೆ. ಹಳೆ ಕ್ಲಬ್ಬು ಕೊಡುವವರು ಪೂರ್ತಿ ಸೆಟ್ಟು ಕೊಡಬೇಕಿಲ್ಲ: ಒಂದು 7 ಐರನ್, ಒಂದು ವೆಜ್, ಒಂದು ಪಟರ್ ಸಾಕು. ಕುಯ್ಯದೆ ಹಾಗೇ ಕ್ಯಾಡಿ ಶೆಡ್ಡಿಗೆ ತಲುಪಿಸಿ, ಅಳತೆ ನೋಡಿ ಅಣ್ಣನೇ ಸರಿಮಾಡುತ್ತಾರೆ.