ಪುಟ್ಟಿ, ಆ ಮಾತ್ರೆ ನಿಲ್ಲಿಸೋ ಮುಂಚೆ ಇದನ್ನ ಓದು

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಬಸುರಿ, ಎಂಟು ವಾರ ಅಂತ ನಿನ್ ಮೆಸೇಜ್ ನೋಡಿ ಖುಷಿಯಾಗಿ ಕೆಳಗೆ ಬಂದ್ರೆ "ವೈಸೋಲೋನ್ ನಿಲ್ಲಿಸ್ಬಿಡ್ಲಾ ದೊಡ್ಡಮ್ಮ, ಅದು ಸ್ಟೀರಾಯ್ಡ್ ಅಂತ ಅತ್ತೆ ಹೆದರ್ತಿದಾರೆ" ಅಂತ ಇದೆ. ಫೋನಲ್ಲಿ ಹೇಳಿದ್ರೆ ಅರ್ಧ ಕೇಳಿಸ್ಕೊತೀಯ, ಅದಕ್ಕೇ ಬರೀತಿದೀನಿ, ನಿಮ್ಮತ್ತೆಗೂ ಓದಿ ಹೇಳು.

ವೈಸೋಲೋನ್ ಅಂದ್ರೆ ಪ್ರೆಡ್ನಿಸೋಲೋನ್, ನಿನ್ನ ಕೀಲುವಾತದ ಮಾತ್ರೆ, ನೀನಾಗೇ ನಿಲ್ಲಿಸ್ಬೇಡ. ಕಮ್ಮಿ ಮಾಡೋದಿದ್ರೆ ಕೀಲಿನ ಡಾಕ್ಟರೇ ಮಾಡ್ಲಿ, ಹೆರಿಗೆ ಡಾಕ್ಟರಿಗೂ ತಿಳಿಸು.

ನನ್ ಕಥೆ ನಿಂಗೆ ಯಾರೂ ಹೇಳಿರಲ್ಲ. ನಿಮ್ಮಣ್ಣ ಹುಟ್ಟೋವಾಗ ನಾನೂ ಇದೇ ರುಮಟಾಯ್ಡ್ ಕೀಲುವಾತಕ್ಕೆ ಇದೇ ಮಾತ್ರೆ ದಿನಾ 10 ಮಿಲಿಗ್ರಾಂ ತಗೊತಿದ್ದೆ. ಬಸುರಲ್ಲಿ ನೋವು ತಾನಾಗೇ ತಗ್ತು, ಸುಮಾರು ಜನಕ್ಕೆ ಹಾಗಾಗತ್ತೆ, ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ಹೆಂಚ್ ಬಸುರಿಯರಲ್ಲೂ ಕಾಮಾಲೆ ಆದವರಲ್ಲೂ ಇದನ್ನ ಗಮನಿಸಿ ಮೈಯೊಳಗೇ ಏನೋ ಇದೆ ಅಂತ ಹುಡುಕ್ತಾ ಹೋಗಿ 1948ರಲ್ಲಿ ಕಾರ್ಟಿಸೋನ್ (ನಿನ್ ಮಾತ್ರೆ ಗುಂಪಿನದೇ ಸ್ಟೀರಾಯ್ಡ್) ಕೊಟ್ಟು ನೋಡಿದ್ದು, 1950ರಲ್ಲಿ ಜೊತೆಯವರೊಂದಿಗೆ ನೊಬೆಲ್ ಬಂತು. ಬಸುರಿಯರನ್ನ ನೋಡಿ ಸಿಕ್ಕ ಔಷಧಿ ಗುಂಪನ್ನೇ ಈಗ ಬಸುರಿಯರಿಗೆ ವಿಷ ಅಂತಾರೆ!

ಬಾಣಂತನದಲ್ಲಿ ಯಾರೋ "ಹಾಲಿಗೆ ಇಳಿಯತ್ತೆ" ಅಂದ್ರು, ಸ್ಟ್ರಿಪ್ಪನ್ನ ನೀರೊಲೆಗೆ ಹಾಕ್ದೆ. ನಾಲ್ಕೇ ದಿನಕ್ಕೆ ವಾಂತಿ, ಎದ್ರೆ ತಲೆ ಸುತ್ತು, ಬೆರಳೆಲ್ಲ ಬಾತು ಮಗೂಗೆ ಕುಲಾವಿ ದಾರ ಕಟ್ಟೋಕಾಗ್ತಿಲ್ಲ, ರವಿಕೆ ಹುಕ್ಕು ಬಿಚ್ಚೋಕೂ ಅಮ್ಮನ್ನ ಕರೀಬೇಕು. ಕೊನೆಗೆ ಡ್ರಿಪ್ ಹಾಕ್ಸ್ಕೊಂಡೆ. ಸ್ಟೀರಾಯ್ಡ್ ಹೊರಗಿಂದ ವಾರಗಟ್ಟಲೆ ಬರ್ತಿದ್ರೆ, ಮೈಗೆ ಬೇಕಾದ ಸ್ಟೀರಾಯ್ಡ್ ತಾನೇ ಮಾಡೋ ನಮ್ಮ ಅಡ್ರಿನಲ್ ಗ್ರಂಥಿ ಕೆಲಸ ಬಿಟ್ಟು ಕೂತಿರತ್ತಂತೆ, ದಿಢೀರ್ ಅಂತ ನಿಲ್ಲಿಸಿದ್ರೆ ಎದ್ದೇಳಲ್ಲ.

ಮಗು ವಿಷಯ ಕೇಳು. ಪ್ರೆಡ್ನಿಸೋಲೋನನ್ನ ಮಾಸು (ಪ್ಲಸೆಂಟಾ) ತಡೆದು ಬಹುಪಾಲು ನಿಷ್ಕ್ರಿಯ ಮಾಡತ್ತೆ, ಮಗುಗೆ ಹೋಗೋದು ಹತ್ತರಲ್ಲಿ ಒಂದು ಪಾಲಿನಷ್ಟು. ಬೀಟಾಮೆಥಾಸೋನ್, ಡೆಕ್ಸಾಮೆಥಾಸೋನ್ ಅನ್ನೋ ಬೇರೆ ಸ್ಟೀರಾಯ್ಡ್‌ಗಳು ಹಾಗಲ್ಲ, ಸಲೀಸಾಗಿ ದಾಟತ್ತೆ, ದಿನ ತುಂಬದೆ ಹೆರಿಗೆ ಆಗೋ ಹಾಗಿದ್ರೆ ಮಗು ಶ್ವಾಸಕೋಶ ಬಲಿಯೋಕೆ ಬೇಕಂತ್ಲೇ ಆ ಇಂಜೆಕ್ಷನ್ ಕೊಡೋದು ಅದಕ್ಕೇ. ಹಾಗಾಗಿ ಮೆಡಿಕಲ್ ಶಾಪಲ್ಲಿ ಅಲರ್ಜಿಗೆ ಅಂತ ಬೆಟ್ನೆಸಾಲ್ (ಅದು ಬೀಟಾಮೆಥಾಸೋನೇ) ಕೊಟ್ರೆ ಮುಟ್ಬೇಡ, ಹೆಸರಿಲ್ಲದ ಮಂಡಿನೋವಿನ ಪುಡಿಯಂತೂ ಬೇಡ್ವೇ ಬೇಡ, ಅದ್ರಲ್ಲಿ ಸ್ಟೀರಾಯ್ಡ್ ಬೆರೆಸಿರೋದುಂಟು. ಕೀಲುವಾತಕ್ಕೇ ಕೊಡೋ ಇನ್ನೊಂದು ಔಷಧಿ ಮೆಥೋಟ್ರೆಕ್ಸೇಟ್ ಮನೇಲಿ ಉಳಿದಿದ್ರೆ ಅದು ಬಸುರಲ್ಲಿ ನಿಜಕ್ಕೂ ಕೂಡದು, ಅದನ್ನೂ ವೈಸೋಲೋನನ್ನೂ ಗೊಂದಲ ಮಾಡ್ಕೋಬೇಡ.

ಸ್ಟೀರಾಯ್ಡಿಂದ ಮಗುಗೆ ಸೀಳುತುಟಿ ಬರತ್ತೆ ಅನ್ನೋ ಭಯ ಹಳೇ ಅಧ್ಯಯನಗಳಿಂದ ಬಂದಿದ್ದು, ಆಮೇಲಿನವುಗಳಲ್ಲಿ ಅದು ಗಟ್ಟಿಯಾಗಿ ಕಂಡಿಲ್ಲ, ಇದ್ರೂ ತೀರಾ ಸಣ್ಣದು. ನಿಜವಾಗ್ಲೂ ನೋಡ್ಬೇಕಾಗಿರೋದು ಶುಗರ್, ಬಿಪಿ, ಇನ್‌ಫೆಕ್ಷನ್. ಕ್ಯಾಲ್ಸಿಯಂ ಮಾತ್ರೆ ಬಿಡ್ಬೇಡ.

ಹಾಲು? ನೂರಕ್ಕೆ ಒಂದು ಪಾಲೂ ಇಳಿಯಲ್ಲ. ದಿನಕ್ಕೆ 40 ಮಿಲಿಗ್ರಾಂಗಿಂತ ಜಾಸ್ತಿ ಕೊಟ್ರೆ ಮಾತ್ರೆ ತಗೊಂಡು ನಾಲ್ಕು ಗಂಟೆ ಬಿಟ್ಟು ಕುಡಿಸು ಅಂತಾರೆ, ನಿನ್ 10ಕ್ಕೆ ಅದೂ ಬೇಕಾಗಿಲ್ಲ. ಹೆರಿಗೆ ಆದ್ಮೇಲೆ ನೋವು ಮರುಕಳಿಸೋದು ಹೆಚ್ಚು, ಆಗ್ಲೇ ಮಾತ್ರೆ ಬಿಟ್ರೆ ನನ್ನ ಗತಿನೇ.

ಹೆರಿಗೆಗೆ ಸೇರ್ಕೊಂಡ ತಕ್ಷಣ ಇಷ್ಟು ದಿನದಿಂದ ಸ್ಟೀರಾಯ್ಡ್ ತಗೊತಿದೀನಿ ಅಂತ ನರ್ಸಿಗೆ ಹೇಳು, ಆಗ ಹೈಡ್ರೋಕಾರ್ಟಿಸೋನ್ (ಅದೂ ಸ್ಟೀರಾಯ್ಡೇ) ಇಂಜೆಕ್ಷನ್ ಬೇಕಾಗ್ಬಹುದು. ಚೀಟಿ ಬರ್ದು ತಾಯಿ ಕಾರ್ಡಿಗೆ ಪಿನ್ ಮಾಡಿಡು, ನೋವು ಬಂದಾಗ ಯಾರಿಗೆ ನೆನಪಿರತ್ತೆ. ಖಾಲಿ ಹೊಟ್ಟೇಲಿ ಬೇಡ, ತಿಂಡಿ ಆದ್ಮೇಲೆ ತಗೋ. ಶುಗರ್ ರಿಪೋರ್ಟ್ ಬಂದ್ರೆ ಫೋಟೋ ಕಳ್ಸು.

ನಿನ್ನ ದೊಡ್ಡಮ್ಮ